ಅಪ್ಪನ ಹಕ್ಕುಪತ್ರ, ಕೇರಿಯ ಬೆಟ್ಟ: ಗೇಣಿ ಕರಾರಿಗೆ ಸಹಿ ಹಾಕುವ ಮೊದಲು

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಸಲರ ಕೇರಿ, ನಾವು ಬುಡಕಟ್ಟಿನವರು. ಇಪ್ಪತ್ತು ಚಿಲ್ಲರೆ ಮನೆಗಳಿವೆ. ಅಜ್ಜನ ಕಾಲದಲ್ಲಿ ಕೇರಿಯ ಹಿಂದಿನ ಬೆಟ್ಟ ಯಾರೊಬ್ಬರದ್ದೂ ಆಗಿರಲಿಲ್ಲ. ಸೀಗೆ, ಉಪ್ಪಾಗೆ, ಜೇನು, ಸೌದೆ ಎಲ್ಲರೂ ತರುತ್ತಿದ್ದರು. ಬೆಟ್ಟದ ಬುಡದಲ್ಲಿ ಯಾರು ಸಾಗುವಳಿ ಮಾಡುತ್ತಾರೋ ಅಷ್ಟು ದಿನ ಅದು ಅವರ ಮನೆಯದು, ಬಿಟ್ಟರೆ ಮತ್ತೆ ಕೇರಿಗೆ. ಅಪ್ಪನಿಗೆ 2012ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 1 ಎಕರೆ 20 ಗುಂಟೆಗೆ ಹಕ್ಕುಪತ್ರ ಸಿಕ್ಕಿತು. ಚಿಕ್ಕಪ್ಪನ ಅರ್ಜಿ 75 ವರ್ಷದ ದಾಖಲೆ ಇಲ್ಲ ಅಂತ ವಜಾ ಆಯಿತು. ಹೋದ ವರ್ಷ ಅಪ್ಪ ತೀರಿಕೊಂಡರು. ಅಮ್ಮ ಇದ್ದಾರೆ. ಪಹಣಿಯಲ್ಲಿ ನಮ್ಮ ಹೆಸರಿಲ್ಲ, ಬ್ಯಾಂಕಿನವರು ಹಕ್ಕುಪತ್ರ ನೋಡಿ ವಾಪಸ್ ಕಳಿಸುತ್ತಾರೆ. ಈಗ ಪಕ್ಕದ ಊರಿನವರೊಬ್ಬರು ಜಾಗವನ್ನು 10 ವರ್ಷಕ್ಕೆ ಗೇಣಿಗೆ ಕೊಡಿ, ಅಡಿಕೆ ಹಾಕುತ್ತೇವೆ ಅನ್ನುತ್ತಿದ್ದಾರೆ. ಬಾಂಡ್ ಪೇಪರ್ ಮೇಲೆ ಕರಾರು, ಮುಂಗಡ 2 ಲಕ್ಷ. ಅಣ್ಣ ಒಪ್ಪಿದ್ದಾನೆ. 15 ವರ್ಷ ಕಳೆದರೆ ಮಾರಲೂಬಹುದು ಅನ್ನುತ್ತಾನೆ. ಮದುವೆಯಾಗಿ ಹೋದ ಅಕ್ಕನಿಗೂ ನನಗೂ ಪಾಲಿಲ್ಲ ಅನ್ನುತ್ತಾನೆ. ಇನ್ನೊಂದು ವಿಷಯ: ಅಜ್ಜನಿಗೆ 1976ರಲ್ಲಿ ದರಖಾಸ್ತಿನಲ್ಲಿ ಸಿಕ್ಕಿದ 2 ಎಕರೆ ಗದ್ದೆಯನ್ನು 1992ರಲ್ಲಿ ಆಸ್ಪತ್ರೆ ಖರ್ಚಿಗೆ ಮಾರಿದ್ದರು. ಅದು ವಾಪಸ್ ಬರುತ್ತದೆಯೇ? ಬೆಟ್ಟಕ್ಕೆ ಈಗ ಕೇರಿಯವರೇ ಒಬ್ಬೊಬ್ಬರಾಗಿ ಬೇಲಿ ಹಾಕುತ್ತಿದ್ದಾರೆ. ನಾವೂ ಹಾಕಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಆದರೆ ಅವಸರದ್ದು ಒಂದೇ, ಆ ಗೇಣಿ ಕರಾರು. ಅದಕ್ಕೆ ಯಾರೂ ಸಹಿ ಹಾಕಬೇಡಿ. ಮುಂಗಡವನ್ನೂ ಮುಟ್ಟಬೇಡಿ. ಕಾರಣ ಹೇಳುತ್ತೇನೆ.

ಅಪ್ಪನಿಗೆ ಸಿಕ್ಕಿದ ಹಕ್ಕುಪತ್ರ 2006ರ ಅರಣ್ಯ ಹಕ್ಕು ಕಾಯ್ದೆಯದು. ಆ ಕಾಯ್ದೆಯ 4ನೇ ಸೆಕ್ಷನ್‌ನ 4ನೇ ಉಪವಿಭಾಗದಲ್ಲಿ ಮೂರು ಮಾತುಗಳಿವೆ. ಈ ಹಕ್ಕು ವಾರಸುದಾರರಿಗೆ ಹೋಗುತ್ತದೆ. ಮಾರಲು, ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ. ಮದುವೆಯಾದವರಾಗಿದ್ದರೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ನೋಂದಾಗಬೇಕು. ಈ ಮೂರನೆಯ ಮಾತನ್ನು ನಿಮ್ಮ ಮನೆಯಲ್ಲಿ ಯಾರೂ ಗಮನಿಸಿದ ಹಾಗೆ ಕಾಣುವುದಿಲ್ಲ. ಪೆಟ್ಟಿಗೆಯಲ್ಲಿರುವ ಹಕ್ಕುಪತ್ರ ತೆಗೆದು ನೋಡಿ. ಅಪ್ಪನ ಹೆಸರಿನ ಕೆಳಗೆ ಅಮ್ಮನ ಹೆಸರು ಇದ್ದೇ ಇರಬೇಕು. ಇದ್ದರೆ ಆ ಜಾಗದ ಹಕ್ಕುದಾರರು ಇವತ್ತಿಗೂ ನಿಮ್ಮ ಅಮ್ಮ. ಅಣ್ಣ ಒಪ್ಪಿದರೆ ಆಯಿತು ಅನ್ನುವ ಮಾತೇ ಬರುವುದಿಲ್ಲ. ಅಮ್ಮನ ಹೆಸರು ಬಿಟ್ಟು ಹೋಗಿದ್ದರೆ ಅದು ಕಚೇರಿಯ ಲೋಪ, ತಿದ್ದುಪಡಿಗೆ ಅರ್ಜಿ ಕೊಡಬೇಕು. ಹಳೆಯ ಹಕ್ಕುಪತ್ರಗಳಲ್ಲಿ ಹೆಂಗಸರ ಹೆಸರು ಬಿಟ್ಟಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಗೇಣಿ ಅಂದರೆ ಮಾರಾಟ ಅಲ್ಲವಲ್ಲ, ಬರೀ 10 ವರ್ಷ ತಾನೆ ಅಂತ ಅಣ್ಣ ಕೇಳಬಹುದು. ಕಾನೂನಿನ ಕಣ್ಣಿನಲ್ಲಿ ಗೇಣಿಯೂ ಒಂದು ವರ್ಗಾವಣೆಯೇ. ಜಾಗವನ್ನು ಅನುಭವಿಸುವ ಹಕ್ಕನ್ನು ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ಅದು ಸಾಲದು ಅಂತ ಕರ್ನಾಟಕದಲ್ಲಿ ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಆ ಬಾಂಡ್ ಪೇಪರಿನ ಕರಾರು ಯಾವ ಕಡೆಯಿಂದ ನೋಡಿದರೂ ನಿಲ್ಲುವುದಿಲ್ಲ. ಬಾಂಡ್ ಪೇಪರ್ ಮೇಲೆ ಬರೆದ ತಕ್ಷಣ ಎಲ್ಲವೂ ಕಾನೂನುಬದ್ಧ ಆಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅದು ತಪ್ಪು. ಆ ಕಾಗದ ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಿದ್ದಕ್ಕೆ ಗುರುತು, ಅಷ್ಟೇ. ಒಳಗೆ ಬರೆದದ್ದಕ್ಕೆ ಅದರಿಂದ ಬಲ ಬರುವುದಿಲ್ಲ.

ಕರಾರು ನಿಲ್ಲುವುದಿಲ್ಲ ಅಂದಮೇಲೆ ನಮಗೇನು ನಷ್ಟ, ದುಡ್ಡು ತಗೊಳ್ಳೋಣ ಅಂತ ಲೆಕ್ಕ ಹಾಕುವವರೂ ಇದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಡೆಯುವುದು ಹೀಗೆ. ಅವರು ಗುಂಡಿ ತೆಗೆಸಿ ಸಸಿ ನೆಡುತ್ತಾರೆ, ಪೈಪ್ ಎಳೆಯುತ್ತಾರೆ. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. 10 ವರ್ಷ ಮುಗಿಯುವ ಹೊತ್ತಿಗೆ ತೋಟ ಚೆನ್ನಾಗಿ ಫಲ ಕೊಡುತ್ತಿರುತ್ತದೆ. ಆಗ ಬಿಟ್ಟುಕೊಡಿ ಅಂದರೆ ಖರ್ಚಿನ ಪಟ್ಟಿ ಮುಂದಿಡುತ್ತಾರೆ, ಮುಂಗಡಕ್ಕೆ ಬಡ್ಡಿ ಸೇರಿಸುತ್ತಾರೆ. ಅಷ್ಟು ದುಡ್ಡು ನಿಮ್ಮ ಹತ್ತಿರ ಇರುವುದಿಲ್ಲ. ಕರಾರಿನ ಅವಧಿ ಸುಮ್ನೆ ಮುಂದೆ ಹೋಗುತ್ತದೆ. ಈ ನಡುವೆ ಅರಣ್ಯ ಇಲಾಖೆಯವರು ಸ್ಥಳಕ್ಕೆ ಬಂದರೆ ಅಲ್ಲಿ ಹಕ್ಕುದಾರರಲ್ಲದವರ ತೋಟ ಇರುತ್ತದೆ. ಉತ್ತರ ಕೊಡಬೇಕಾದವರು ಹಕ್ಕುಪತ್ರದಲ್ಲಿ ಹೆಸರಿರುವ ನಿಮ್ಮ ಅಮ್ಮ. ಈ ಥರ ಹೋದ ಜಾಗಗಳು ಕಾಗದದಲ್ಲಿ ಇನ್ನೂ ಬುಡಕಟ್ಟಿನವರದ್ದೇ. ದುಡಿಮೆಯ ಫಲ ಮಾತ್ರ ಬೇರೆ ಮನೆ ಸೇರುತ್ತಿದೆ. ನಮ್ಮ ಜಿಲ್ಲೆಯಲ್ಲಿ ಈಗ ಜಾಗ ಕೈತಪ್ಪುವುದು ಜಾಸ್ತಿ ಹೀಗೆಯೇ. ಕ್ರಯಪತ್ರ ಬರೆಸಿಕೊಳ್ಳುವವರು ಕಡಿಮೆ.

15 ವರ್ಷದ ಮಾತಿಗೆ ಬರುತ್ತೇನೆ. ಅದು ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. ದರಖಾಸ್ತಿನಲ್ಲಿ ಮಂಜೂರಾದ ಜಮೀನಿಗೆ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅನ್ನುವ ಷರತ್ತು ಇರುತ್ತದೆ. ಜನ ಅದನ್ನೇ ಇದಕ್ಕೂ ಹೊಂದಿಸಿಕೊಂಡಿದ್ದಾರೆ. ಅರಣ್ಯ ಹಕ್ಕುಪತ್ರಕ್ಕೆ ಅಂಥ ಅವಧಿಯೇ ಇಲ್ಲ. 15 ವರ್ಷಕ್ಕೂ ಇಲ್ಲ, 50 ವರ್ಷಕ್ಕೂ ಇಲ್ಲ. ಮಕ್ಕಳು, ಮೊಮ್ಮಕ್ಕಳು ಉಣ್ಣಬಹುದು, ಮಾರಲಾಗದು.

ಇದಕ್ಕೆ ಉಲ್ಟಾ ಇನ್ನೊಂದು ತಪ್ಪು ನಂಬಿಕೆಯೂ ಇದೆ. ಬುಡಕಟ್ಟಿನವರ ಯಾವ ಜಮೀನನ್ನೂ ಬೇರೆಯವರು ಕೊಳ್ಳುವ ಹಾಗೇ ಇಲ್ಲ ಅಂತ ಯೂಟ್ಯೂಬ್ ನೋಡಿ ಹೇಳುವವರು ಸಿಗುತ್ತಾರೆ. ಅದು ಆಂಧ್ರ, ಜಾರ್ಖಂಡ್‌ಗಳ ಕೆಲವು ಪ್ರದೇಶಗಳ ಮಾತು. ಅಲ್ಲಿ ಸಂವಿಧಾನದ 5ನೇ ಅನುಸೂಚಿಯ ಪ್ರದೇಶಗಳಿವೆ, ಬೇರೆಯದೇ ಕಾನೂನುಗಳಿವೆ. ಕರ್ನಾಟಕದಲ್ಲಿ ಅಂಥ ಅನುಸೂಚಿತ ಪ್ರದೇಶ ಒಂದೂ ಇಲ್ಲ. ನಮ್ಮಲ್ಲಿ ರಕ್ಷಣೆ ಇರುವುದು ಮುಖ್ಯವಾಗಿ ಎರಡು ಬಗೆಯ ಜಮೀನಿಗೆ. ಒಂದು ಅರಣ್ಯ ಹಕ್ಕುಪತ್ರದ ಜಾಗ. ಇನ್ನೊಂದು ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನು. ಬುಡಕಟ್ಟಿನವರು ತಮ್ಮ ದುಡ್ಡಿನಿಂದ ಕೊಂಡ ಜಮೀನಿಗೆ ಈ ಎರಡರ ರಕ್ಷಣೆಯೂ ಇಲ್ಲ.

ಎರಡನೆಯ ಬಗೆಗೆ ನಿಮ್ಮ ಅಜ್ಜನ ಗದ್ದೆ ಸೇರುತ್ತದೆ. ಅದಕ್ಕಿರುವುದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ ಕಾಯ್ದೆ, ಎಲ್ಲರೂ ಪಿಟಿಸಿಎಲ್ ಅನ್ನುತ್ತಾರೆ. 1978ರಲ್ಲಿ ಬಂದದ್ದು, 1979ರ ಜನವರಿ 1ರಿಂದ ಜಾರಿ. ಅದಾದ ಮೇಲೆ ಮಂಜೂರಾತಿ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಶೂನ್ಯ. ನಿಮ್ಮ ಕುಟುಂಬ ಮಾರಿದ್ದು 1992ರಲ್ಲಿ. ಅನುಮತಿ ಪಡೆದಿರಲಿಲ್ಲ ಅಂದರೆ ಉಪವಿಭಾಗಾಧಿಕಾರಿಯ ಮುಂದೆ ಜಮೀನು ಮರಳಿಸಿ ಅಂತ ಅರ್ಜಿ ಹಾಕಲು ದಾರಿ ಇದೆ. ಆದರೆ ಹಾದಿ ಸಲೀಸಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ಇಂಥ ಅರ್ಜಿ ಸೂಕ್ತ ಸಮಯದೊಳಗೆ ಬರಬೇಕು ಅಂದಿತು. ಆ ತೀರ್ಪಿನ ನಂತರ ಎಷ್ಟೋ ಹಳೆಯ ಪ್ರಕರಣಗಳು ಬಿದ್ದುಹೋದವು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. ಅಷ್ಟರಿಂದಲೇ ಗೆದ್ದೆವು ಅಂದುಕೊಳ್ಳಬೇಡಿ. 30 ವರ್ಷ ಯಾಕೆ ಸುಮ್ಮನಿದ್ದಿರಿ ಅನ್ನುವ ಪ್ರಶ್ನೆಯನ್ನು ಎದುರು ಪಕ್ಷದ ವಕೀಲರು ಎತ್ತಿಯೇ ಎತ್ತುತ್ತಾರೆ. ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಹೈಕೋರ್ಟ್ ಅಂತ ವರ್ಷಗಟ್ಟಲೆ ಹೋಗಬಹುದು. ಈ ನಡುವೆ ಗದ್ದೆ ಎರಡು ಮೂರು ಕೈ ದಾಟಿರಬಹುದು. ಈಗ ಉಳುತ್ತಿರುವವರೂ ನಿಮ್ಮ ಹಾಗೆ ಬಡವರೇ ಆಗಿರಬಹುದು. ಮೊದಲು ಮಂಜೂರಾತಿ ಆದೇಶದ ನಕಲು, ಸಾಗುವಳಿ ಚೀಟಿ, 1992ರ ಕ್ರಯಪತ್ರದ ದೃಢೀಕೃತ ನಕಲು ತೆಗೆಸಿ. ಅವನ್ನು ಓದಿದ ಮೇಲೆ ನಿರ್ಧಾರ ಮಾಡಿ. ನನ್ನ ಅಭಿಪ್ರಾಯ ಕೇಳಿದರೆ, ಇದು ನಿಮ್ಮ ಪಟ್ಟಿಯಲ್ಲಿ ಕೊನೆಗಿರಲಿ. ಕೈಯಲ್ಲಿ ಇರುವುದನ್ನು ಉಳಿಸಿಕೊಳ್ಳುವುದು ಮೊದಲು.

ಈಗ ನೀವು ಮತ್ತು ನಿಮ್ಮ ಅಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದೇ ಕಾಯ್ದೆಯ 2ನೇ ಸೆಕ್ಷನ್, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಇದು ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ ಅನ್ನುತ್ತದೆ. ಹಾಗಾಗಿ ಬುಡಕಟ್ಟಿನವರಲ್ಲಿ ಅವರವರ ರೂಢಿಯ ಪ್ರಕಾರ ಅಂತ ನಡೆದುಕೊಂಡು ಬಂದಿದೆ. ನಿಮ್ಮ ಅಣ್ಣನಿಗೆ ಯಾರೋ ಇದನ್ನು ಅರ್ಧ ಹೇಳಿಕೊಟ್ಟಿದ್ದಾರೆ. ಉಳಿದರ್ಧ ಇದು: 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಛತ್ತೀಸ್‌ಗಢದ ಗೊಂಡ ಕುಟುಂಬವೊಂದರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೆಣ್ಣುಮಕ್ಕಳಿಗೆ ಪಾಲಿಲ್ಲ ಅನ್ನುವ ರೂಢಿ ಇದೆ ಅಂತ ಯಾರಾದರೂ ಹೇಳಿದರೆ ಅದನ್ನು ಅವರು ಸಾಬೀತು ಮಾಡಬೇಕು. ಸಾಬೀತಾಗದಿದ್ದರೆ ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಪಾಲು ತಪ್ಪಿಸುವುದು ಸಮಾನತೆಗೆ ವಿರುದ್ಧ ಅಂದಿತು. ಇದರ ಜೊತೆಗೆ ಅರಣ್ಯ ಹಕ್ಕು ಕಾಯ್ದೆ ವಾರಸುದಾರರು ಅನ್ನುವಾಗ ಗಂಡು ಹೆಣ್ಣು ಅಂತ ಭೇದ ಮಾಡಿಲ್ಲ.

ನಿಮ್ಮ ಕೇರಿಯ ಹಳೆಯ ರೂಢಿಯನ್ನೇ ನೋಡಿ. ನೀವೇ ಬರೆದಿದ್ದೀರಿ, ಯಾರು ಸಾಗುವಳಿ ಮಾಡುತ್ತಾರೋ ಅವರದ್ದು, ಬಿಟ್ಟರೆ ಕೇರಿಗೆ ಅಂತ. ಅದರಲ್ಲಿ ಗಂಡುಮಕ್ಕಳಿಗೆ ಮಾತ್ರ ಅನ್ನುವ ಮಾತು ಎಲ್ಲಿದೆ? ಜಾಗಕ್ಕೆ ಒಬ್ಬೊಬ್ಬರ ಹೆಸರಿನ ಕಾಗದ ಬಂದ ಮೇಲೆ ಪಾಲು, ಗಂಡುಮಕ್ಕಳ ಹಕ್ಕು, ಕೊಟ್ಟ ಹೆಣ್ಣು ಅನ್ನುವ ಮಾತುಗಳು ಸುತ್ತಲಿನ ಜಮೀನುದಾರರ ಮನೆಗಳಿಂದ ಕೇರಿಗೂ ಬಂದವು. ಈಗ ಅದನ್ನೇ ನಮ್ಮ ಹಿರಿಯರ ಪದ್ಧತಿ ಅನ್ನುತ್ತಿದ್ದಾರೆ. ಅಜ್ಜಿಯಂದಿರು ಇದ್ದರೆ ಕೂರಿಸಿಕೊಂಡು ಕೇಳಿ. ಗಂಡ ತೀರಿಕೊಂಡ ಹೆಂಗಸು, ತವರಿಗೆ ಮರಳಿ ಬಂದ ಮಗಳು ಎಲ್ಲಿ ಬಿತ್ತುತ್ತಿದ್ದರು ಅಂತ ಕೇಳಿ. ಉತ್ತರವನ್ನು ಬರೆದಿಡಿ, ಸಾಧ್ಯವಾದರೆ ಮೊಬೈಲಿನಲ್ಲಿ ದಾಖಲಿಸಿ. ನಾಳೆ ಅದೇ ಸಾಕ್ಷಿ ಆಗಬಹುದು.

ಒಂದು ಎಚ್ಚರಿಕೆ ಇದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಬರೀ ಖಾತೆ ಬದಲಾವಣೆಗೆ ಅಂತ ನಿಮ್ಮನ್ನೂ ಅಕ್ಕನನ್ನೂ ಕೇಳಬಹುದು. ಖಾತೆಗೆ ಅದು ಬೇಕಾಗಿಲ್ಲ. ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಹಕ್ಕುಪತ್ರದ ನಕಲು ಇಟ್ಟು ಅಮ್ಮ ಹಾಗೂ ಮೂವರೂ ಮಕ್ಕಳ ಹೆಸರಿನಲ್ಲಿ ವಾರಸು ದಾಖಲಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಿ. ಒಂದು ಪ್ರತಿ ಉಪವಿಭಾಗ ಮಟ್ಟದ ಅರಣ್ಯ ಹಕ್ಕು ಸಮಿತಿಗೂ ಹೋಗಲಿ. ಹೊಸನಗರಕ್ಕೆ ಅದು ಸಾಗರದ ಉಪವಿಭಾಗಾಧಿಕಾರಿಯ ಕಚೇರಿ. ಎರಡೂ ಕಡೆ ಸ್ವೀಕೃತಿ ಹಾಕಿಸಿಕೊಳ್ಳಿ.

ಪಹಣಿಯ ವಿಷಯವನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. 2012ರಲ್ಲಿ ತಿದ್ದುಪಡಿಯಾದ ಅರಣ್ಯ ಹಕ್ಕು ನಿಯಮಗಳ ಪ್ರಕಾರ, ಹಕ್ಕುಪತ್ರ ಕೊಟ್ಟ ಮೇಲೆ ಹೆಚ್ಚೆಂದರೆ ಮೂರು ತಿಂಗಳೊಳಗೆ ಅದನ್ನು ಕಂದಾಯ ಮತ್ತು ಅರಣ್ಯ ಎರಡೂ ದಾಖಲೆಗಳಲ್ಲಿ ಸೇರಿಸಬೇಕು. 12ಎ ನಿಯಮ ಅಂತ ಹೆಸರಿಸಿ ಬರೆಯಿರಿ. ಆದರೆ ಪಹಣಿಯಲ್ಲಿ ಒಡೆತನದ ಕಾಲಂನಲ್ಲಿ ಅರಣ್ಯ ಅಂತ ಕಂಡರೆ ಗಾಬರಿಯಾಗಬೇಡಿ. ಭೂಮಿ ಅರಣ್ಯವಾಗಿಯೇ ಉಳಿಯುತ್ತದೆ. ಅದರ ಮೇಲೆ ವಾಸ ಮತ್ತು ಸಾಗುವಳಿಯ ಹಕ್ಕು ನಿಮ್ಮದು. ಆ ಹಕ್ಕು ದಾಖಲೆಯಲ್ಲಿ ಬರಬೇಕು ಅನ್ನುವುದಷ್ಟೇ ಬೇಡಿಕೆ.

ಬ್ಯಾಂಕಿನವರು ಅಡಮಾನಕ್ಕೆ ಒಪ್ಪದಿರುವುದು ಸರಿಯೇ, ವರ್ಗಾಯಿಸಲಾಗದ ಜಾಗವನ್ನು ಅಡ ಇಡಲಾಗದು. ಆದರೆ ಬೆಳೆಸಾಲಕ್ಕೆ ಅಡಮಾನವೇ ಬೇಕಾಗಿಲ್ಲ. 2025ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಭದ್ರತೆ ಇಲ್ಲದ ಕೃಷಿ ಸಾಲದ ಮಿತಿಯನ್ನು 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದೆ. ಎಕರೆ ಒಂದೂವರೆಗೆ ಎಷ್ಟು ಸಿಗುತ್ತದೆ ಅನ್ನುವುದು ಬೆಳೆಯ ಮೇಲೆ ಹೋಗುತ್ತದೆ. ಗೇಣಿಯವರು ತೋರಿಸುತ್ತಿರುವ ಮುಂಗಡದಷ್ಟು ಸಿಗುವುದು ಕಷ್ಟ. ಆದರೂ ಮ್ಯಾನೇಜರ್ ಇಲ್ಲ ಅಂದರೆ ಲಿಖಿತವಾಗಿ ಕೊಡಿ ಅಂತ ಕೇಳಿ.

ಚಿಕ್ಕಪ್ಪನ ಅರ್ಜಿ ವಜಾ ಆದ ಕಾರಣ ಓದಿ ಬೇಸರವಾಯಿತು. ಕಾನೂನಿನಲ್ಲಿ ಇದಕ್ಕಿಂತ ಸ್ಪಷ್ಟವಾದ ತಪ್ಪು ಇರಲಾರದು. 75 ವರ್ಷ, ಮೂರು ತಲೆಮಾರು ಅನ್ನುವ ನಿಯಮ ಇತರ ಪಾರಂಪರಿಕ ಅರಣ್ಯವಾಸಿಗಳಿಗೆ, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದವರಿಗೆ. ಹಸಲರು ಪರಿಶಿಷ್ಟ ಪಂಗಡ. ಅವರಿಗೆ ಬೇಕಿರುವುದು 2005ರ ಡಿಸೆಂಬರ್ 13ಕ್ಕೆ ಮುಂಚೆಯಿಂದ ಅಲ್ಲಿದ್ದರು, ಆ ಜಾಗ ಅವರ ಅನುಭವದಲ್ಲಿತ್ತು ಅನ್ನುವ ಸಾಕ್ಷ್ಯ. ಅದೂ ಇಂಥದ್ದೇ ಕಾಗದ ಆಗಬೇಕು ಅಂತ ಸಮಿತಿಗಳು ಹಠ ಹಿಡಿಯುವಂತಿಲ್ಲ. ಹಿರಿಯರ ಹೇಳಿಕೆ ನಡೆಯುತ್ತದೆ. ಬಾವಿ, ಸಮಾಧಿ, ಹಳೆಯ ಮನೆಯ ಅಡಿಪಾಯ, ಕೈಯಾರೆ ನೆಟ್ಟ ಹಲಸು ಮಾವಿನ ಮರಗಳು ನಡೆಯುತ್ತವೆ. ಹಳೆಯ ದಂಡದ ರಸೀದಿ ಇದ್ದರೆ ಒಳ್ಳೆಯದೇ, ಆದರೆ ಅದು ಇಲ್ಲ ಅನ್ನುವುದೊಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ನಿಯಮದಲ್ಲೇ ಬರೆದಿದೆ. ಉಪಗ್ರಹ ಚಿತ್ರದಲ್ಲಿ ಕಾಣಲಿಲ್ಲ ಅನ್ನುವುದಕ್ಕೂ ಇದೇ ಮಾತು. ಅದು ಬೇರೆ ಸಾಕ್ಷ್ಯಕ್ಕೆ ಪೂರಕ, ಬದಲಿ ಅಲ್ಲ. ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯ ಇರಬೇಕು, ಅಷ್ಟು ನೋಡಿಕೊಳ್ಳಿ.

ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಅರ್ಜಿದಾರರಿಗೇ ತಲುಪಿಸಬೇಕು. ಅಲ್ಲಿಂದ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಚಿಕ್ಕಪ್ಪನಿಗೆ ಲಿಖಿತ ಆದೇಶ ಬಂದಿತ್ತೇ ಅಂತ ವಿಚಾರಿಸಿ. ಎಷ್ಟೋ ಮನೆಗಳಿಗೆ ಬಂದಿಲ್ಲ, ಪಂಚಾಯಿತಿಯಲ್ಲಿ ಯಾರೋ ಬಾಯಲ್ಲಿ ಹೇಳಿದ್ದನ್ನೇ ಆದೇಶ ಅಂದುಕೊಂಡಿದ್ದಾರೆ. ಬಂದಿಲ್ಲ ಅಂದರೆ ಆದೇಶದ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, ಅದು ಕೈಗೆ ಬಂದ ದಿನದಿಂದ ಲೆಕ್ಕ ಹಿಡಿದು ಮೇಲ್ಮನವಿ ಹಾಕಿ. ಒಕ್ಕಲೆಬ್ಬಿಸುತ್ತಾರೆ ಅನ್ನುವ ಭಯ ಅವರಿಗಿದ್ದರೆ ಇದನ್ನು ತಿಳಿಸಿ: 2019ರ ಫೆಬ್ರವರಿ 13ರಂದು ತಿರಸ್ಕೃತ ಅರ್ಜಿದಾರರನ್ನು ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಫೆಬ್ರವರಿ 28ರಂದು ತಾನೇ ಅದನ್ನು ತಡೆಹಿಡಿಯಿತು. ಪರಿಶೀಲನೆ ಪೂರ್ತಿ ಮುಗಿಯುವ ತನಕ ಎಬ್ಬಿಸುವಂತಿಲ್ಲ ಅಂತ ಕಾಯ್ದೆಯ 4ನೇ ಸೆಕ್ಷನ್‌ನಲ್ಲೂ ಇದೆ.

ಬೆಟ್ಟದ ಪ್ರಶ್ನೆಯನ್ನು ನೀವು ಕೊನೆಯ ಎರಡು ಸಾಲಿನಲ್ಲಿ ಕೇಳಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು.

ನಿಮ್ಮ ಕೇರಿಯ ಆಸ್ತಿ ಯಾವತ್ತೂ ಆ ಒಂದೂವರೆ ಎಕರೆ ಆಗಿರಲಿಲ್ಲ. ಬೆಟ್ಟವೇ ಆಸ್ತಿ. ಅದು ಹೇಗೆ ಕೈಬಿಟ್ಟಿತು ಅಂತ ನೋಡಿದರೆ ಇವತ್ತಿನ ಗೊಂದಲ ಅರ್ಥವಾಗುತ್ತದೆ. ಮಲೆನಾಡಿನಲ್ಲಿ ಕುಮರಿ ಬೇಸಾಯ ಇತ್ತು. ಕಾಡಿನ ಒಂದು ತುಂಡು ಕಡಿದು ಸುಟ್ಟು, ರಾಗಿಯೋ ಭತ್ತವೋ ಬಿತ್ತಿ, ಒಂದೆರಡು ವರ್ಷಕ್ಕೆ ಬಿಟ್ಟು ಮುಂದೆ ಹೋಗುವುದು. 19ನೇ ಶತಮಾನದ ನಡುವಿನಲ್ಲಿ ಬ್ರಿಟಿಷ್ ಆಡಳಿತ ಅದನ್ನು ಅಪರಾಧ ಮಾಡಿತು. ಕಾಡು ಸರ್ಕಾರದ್ದಾಯಿತು. ಅದೇ ಕಾಲದಲ್ಲಿ ಅಡಿಕೆ ತೋಟದವರು ಸೊಪ್ಪು ತರುವ ರೂಢಿಗೆ ಮಾತ್ರ ಮಾನ್ಯತೆ ಸಿಕ್ಕಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ ಬರೆದುಕೊಟ್ಟರು. ಇವತ್ತಿಗೂ ಭೂ ಕಂದಾಯ ಕಾಯ್ದೆಯ 79ನೇ ಸೆಕ್ಷನ್‌ನಲ್ಲಿ ಸೊಪ್ಪಿನಬೆಟ್ಟ, ಕಾನು, ಬಾಣೆಯಂಥ ಕಾಡುಜಾಗಗಳ ಸವಲತ್ತು ಇದೆ. ಸೊಪ್ಪಿನಬೆಟ್ಟ ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಒಂದೇ ಬೆಟ್ಟದ ಮೇಲೆ ಎರಡು ರೂಢಿಗಳಿದ್ದವು. ತೋಟ ಇದ್ದವರದ್ದು ದಾಖಲೆಗೆ ಬಂತು, ತೋಟದಲ್ಲಿ ಕೆಲಸ ಮಾಡಿದವರದ್ದು ಬರಲಿಲ್ಲ.

ಮುಂದೆ 1951ರಲ್ಲಿ ಸಾಗರದ ಹತ್ತಿರ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆಯಿತು. ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂತು, ಉಳುವವನೇ ಒಡೆಯನಾದ. ಅದು ನಮ್ಮ ಜಿಲ್ಲೆಗೆ ಹೆಮ್ಮೆಯ ವಿಷಯ. ಆದರೆ ಒಡೆತನ ಕೇಳುವ ಅರ್ಜಿ, ಫಾರಂ 7, ತುಂಬಲು ಗೇಣಿದಾರ ಆಗಿರಬೇಕಿತ್ತು. ಕೂಲಿ ಮಾಡಿಕೊಂಡು, ಬೆಟ್ಟದಿಂದ ಬದುಕಿದ ಹಸಲರಿಗೆ, ಗೌಡಲುಗಳಿಗೆ, ಮಲೆಕುಡಿಯರಿಗೆ ಯಾವ ಭೂಮಾಲೀಕನ ಗೇಣಿ ಚೀಟಿ ಇತ್ತು? ಹೀಗೆ ಆ ಸುಧಾರಣೆ ಅವರನ್ನು ಬಹುಪಾಲು ಮುಟ್ಟದೆ ಹೋಯಿತು. 1963ರ ಅರಣ್ಯ ಕಾಯ್ದೆಯಲ್ಲಿ, ಈ ಜಾಗವನ್ನು ಮೀಸಲು ಅರಣ್ಯ ಮಾಡುತ್ತೇವೆ ಅನ್ನುವ ಸೆಕ್ಷನ್ 4ರ ನೋಟಿಸ್‌ಗಳು ಬಂದವು. ತಕರಾರು ಇದ್ದರೆ ಹೇಳಿ ಅಂತ ಬರೆದಿರುತ್ತಿತ್ತು. ಓದು ಬಾರದ ಕೇರಿಗಳಲ್ಲಿ ಅದನ್ನು ಓದಿ ಹೇಳುವವರು ಇರಲಿಲ್ಲ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದ ಮೇಲೆ ಮುಳುಗಡೆ ಆದವರು ಬೇರೆ ಕಾಡುಗಳಿಗೆ ಬಂದು ನೆಲೆಸಬೇಕಾಯಿತು. 1972ರಲ್ಲಿ ಶರಾವತಿ ಕಣಿವೆ, 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯಗಳಾದವು. ಬೆಟ್ಟದ ಮೇಲೆ ಗೆರೆಯ ಮೇಲೆ ಗೆರೆ ಬಿದ್ದಿತು.

2006ರ ಕಾಯ್ದೆ ಈ ಅನ್ಯಾಯವನ್ನು ಸರಿಪಡಿಸಲೆಂದೇ ಬಂದದ್ದು. ಅದರ ಮುನ್ನುಡಿಯಲ್ಲೇ ಚಾರಿತ್ರಿಕ ಅನ್ಯಾಯ ಅನ್ನುವ ಮಾತಿದೆ. ಅದರಲ್ಲಿ ಮೂರು ಅರ್ಜಿಗಳಿವೆ. ಎ ನಮೂನೆ ಒಬ್ಬೊಬ್ಬರ ಸಾಗುವಳಿ ಜಾಗಕ್ಕೆ. ಬಿ ನಮೂನೆ ಸಮುದಾಯದ ಬಳಕೆಗೆ: ಜೇನು, ಸೀಗೆ, ಬೆತ್ತ, ಬಿದಿರು, ಮೇವು, ಮೀನು. ಸಿ ನಮೂನೆ ಊರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಇಡೀ ಕಾಡಿನ ನಿರ್ವಹಣೆಗೆ. ನಮ್ಮಲ್ಲಿ ಎಲ್ಲರೂ ಎ ನಮೂನೆ ಹಿಡಿದು ಓಡಿದರು. ಅಧಿಕಾರಿಗಳೂ ಅದನ್ನೇ ಹಂಚಿದರು. ಬಿ ಮತ್ತು ಸಿ ಹೆಸರು ಕೇಳದ ಕೇರಿಗಳು ಇವತ್ತಿಗೂ ಇವೆ. ಪರಿಣಾಮ ನಿಮ್ಮ ಕಣ್ಣೆದುರು ಇದೆ. ಜಾಗ ಅಂದರೆ ಒಬ್ಬರ ಹೆಸರಿನ ಕಾಗದ ಅನ್ನುವುದು ಮನಸ್ಸಿನಲ್ಲಿ ಕೂತಿತು. ಅಡಿಕೆಗೆ ರೇಟು ಬಂತು. ಉಳಿದ ಬೆಟ್ಟಕ್ಕೆ ಬೇಲಿ ಬೀಳಲು ಶುರುವಾಯಿತು.

ಹಾಗಾಗಿ ಬೇಲಿ ಹಾಕಬೇಡಿ. 2005ರ ಡಿಸೆಂಬರ್ 13ರ ನಂತರ ಹೊಸದಾಗಿ ಹಿಡಿದ ಜಾಗಕ್ಕೆ ಹಕ್ಕುಪತ್ರ ಸಿಗುವುದಿಲ್ಲ. ಸಿಗುವುದು ಅರಣ್ಯ ಮೊಕದ್ದಮೆ. ಅದಕ್ಕಿಂತ ಕೆಟ್ಟದ್ದು, ಊರೇ ಕಾಡನ್ನು ಕಾಯುತ್ತದೆ ಅಂತ ಸಿ ನಮೂನೆಯಲ್ಲಿ ಬರೆಯುವಾಗ ಅಧಿಕಾರಿ ಆ ಬೇಲಿಗಳ ಫೋಟೊ ತೋರಿಸುತ್ತಾರೆ. ಬೇಲಿ ಹಾಕಿದವರನ್ನು ಬೈಯಬೇಡಿ, ಅವರೂ ಹೆದರಿ ಹಾಕಿದ್ದು. ತಾನು ಹಿಡಿಯದಿದ್ದರೆ ಹೊರಗಿನವರು ಹಿಡಿಯುತ್ತಾರೆ ಅನ್ನುವ ಹೆದರಿಕೆ ಅವರಲ್ಲಿದೆ, ಅದು ಸುಳ್ಳೂ ಅಲ್ಲ. ಆ ಹೆದರಿಕೆಗೆ ಉತ್ತರ ಸಿ ನಮೂನೆ. ಸಮುದಾಯದ ಹೆಸರಿಗೆ ಬಂದ ಬೆಟ್ಟವನ್ನು ಯಾವ ಅಣ್ಣನೂ ಗೇಣಿಗೆ ಕೊಡಲಾರ.

ಗಡುವು ಮುಗಿದಿದೆ ಅಂತ ಹೇಳಿ ಕಳಿಸಿದರೆ ನಂಬಬೇಡಿ. ಕಾಯ್ದೆಯಲ್ಲಿ ಕೊನೆಯ ದಿನಾಂಕ ಇಲ್ಲ. ಗ್ರಾಮಸಭೆ ಕಾರಣ ಬರೆದು ಅವಧಿ ವಿಸ್ತರಿಸಬಹುದು. ಇನ್ನೊಂದು ನಿಯಮ ಬಹಳ ಉಪಯೋಗದ್ದು, 12ಬಿ. ಅರಣ್ಯವಾಸಿಗಳಿರುವ ಊರಿನಲ್ಲಿ ಸಮುದಾಯ ಅರಣ್ಯ ಹಕ್ಕು ಕೊಟ್ಟಿಲ್ಲ ಅಂದರೆ ಯಾಕೆ ಕೊಟ್ಟಿಲ್ಲ ಅನ್ನುವುದನ್ನು ಜಿಲ್ಲಾ ಸಮಿತಿಯ ಕಾರ್ಯದರ್ಶಿ ದಾಖಲಿಸಬೇಕು. ನಿಮ್ಮ ಊರಿನ ಬಗ್ಗೆ ಏನು ದಾಖಲಿಸಿದ್ದೀರಿ ಅಂತ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಕಡತ ಅಲುಗಾಡಲು ಶುರುವಾಗುತ್ತದೆ.

ಇದು ಆಗದ ಕೆಲಸ ಅಲ್ಲ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಮುದಾಯ ಹಕ್ಕು ಪಡೆದರು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೀಗೆ ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಅವರು ದೇವರ ತಾಣಗಳು, ನೀರಿನ ಸೆಲೆಗಳು, ಹಳೆಯ ಪೋಡು ಅಂದರೆ ಹಾಡಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದ್ದರು. ನಿಮ್ಮ ಬೆಟ್ಟದಲ್ಲೂ ಚೌಡಿ ಬನ, ಭೂತನ ಕಲ್ಲು, ಸ್ಮಶಾನ, ಜೇನುಕಲ್ಲು, ದನದ ದಾರಿ ಇರುತ್ತವೆ ಅಲ್ವಾ? ಅವೆಲ್ಲ ಸಾಕ್ಷ್ಯ ಅಂತ 13ನೇ ನಿಯಮದಲ್ಲಿ ಬರೆದಿದೆ.

ಕಷ್ಟಗಳನ್ನೂ ಹೇಳಬೇಕು. ಮೊದಲನೆಯದು ಗ್ರಾಮಸಭೆ. ಇದು ಇಡೀ ಪಂಚಾಯಿತಿಯ ದೊಡ್ಡ ಸಭೆ ಅಲ್ಲ, ನಿಮ್ಮ ಹಳ್ಳಿ ಅಥವಾ ಕೇರಿ ಮಟ್ಟದ್ದು. ಅರ್ಧದಷ್ಟು ಸದಸ್ಯರು ಹಾಜರಿರಬೇಕು. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಇದು ತಪ್ಪಿದರೆ ಠರಾವು ಬಿದ್ದುಹೋಗುತ್ತದೆ, ಅದಕ್ಕೆ ಸಹಿ ಪಟ್ಟಿ ಜೋಪಾನ. ಎರಡನೆಯದು ಸೊಪ್ಪಿನಬೆಟ್ಟ. ಅದೇ ಬೆಟ್ಟದಲ್ಲಿ ತೋಟದವರ ಸವಲತ್ತು ಇದ್ದರೆ ಅವರನ್ನು ಬಿಟ್ಟು ಗೆರೆ ಎಳೆಯಲು ಹೋಗಬೇಡಿ. ಜಗಳವಾದರೆ ಅರ್ಜಿ ವರ್ಷಗಟ್ಟಲೆ ಕೂರುತ್ತದೆ. ಮೊದಲೇ ಕೂತು ಮಾತಾಡಿ, ಎಲ್ಲಿವರೆಗೆ ಅವರ ಸೊಪ್ಪು, ಎಲ್ಲಿಂದ ಕೇರಿಯ ಬಳಕೆ ಅಂತ ಬರೆದುಕೊಳ್ಳಿ. ಪಕ್ಕದ ಊರಿನ ಜೊತೆ ಗಡಿ ತಕರಾರು ಬಂದರೆ ಎರಡೂ ಊರಿನ ಅರಣ್ಯ ಹಕ್ಕು ಸಮಿತಿಗಳು ಜಂಟಿಯಾಗಿ ಕೂರಲು ನಿಯಮ ಇದೆ. ಮೂರನೆಯದು, ಹಕ್ಕು ಬಂದ ಮೇಲೆ ಕಾಯುವ ಹೊಣೆಯೂ ಬರುತ್ತದೆ. ಉಪ್ಪಾಗೆ ಕಾಯಿಗಾಗಿ ಕೊಂಬೆ ಕಡಿಯುವವರನ್ನು ತಡೆಯುವುದು ಇನ್ನು ನಿಮ್ಮದೇ ಕೆಲಸ.

ಈ ವಾರ ಮಾಡಬೇಕಾದದ್ದು ಇಷ್ಟು. ಅಮ್ಮನನ್ನು ಕೂರಿಸಿಕೊಂಡು ಹಕ್ಕುಪತ್ರ ಓದಿ. ಗೇಣಿ ಕೇಳಿದವರಿಗೆ, ಇದು ಅಮ್ಮನ ಹೆಸರಿನಲ್ಲಿದೆ, ಕಾನೂನು ಒಪ್ಪುವುದಿಲ್ಲ ಅಂತ ಅಮ್ಮನೇ ಹೇಳಲಿ. ಒತ್ತಾಯ ಮಾಡಿದರೆ, ಜಾಗಕ್ಕೆ ನುಗ್ಗಿದರೆ, ಬುಡಕಟ್ಟಿನವರ ಅರಣ್ಯ ಹಕ್ಕಿಗೆ ಅಡ್ಡಿ ಮಾಡುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅಣ್ಣನ ಜೊತೆ ಮುನಿಸಿಕೊಳ್ಳಬೇಡಿ. ಅವನಿಗೆ ದುಡ್ಡಿನ ತುರ್ತು ಇರಬಹುದು, ಅದು ಏನು ಅಂತ ಕೇಳಿ. ವಕೀಲರ ಖರ್ಚಿಗೆ ಯೋಚಿಸಬೇಡಿ. ಪರಿಶಿಷ್ಟ ಪಂಗಡದವರಿಗೆ, ಎಲ್ಲ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಸಾಕು. ಚಿಕ್ಕಪ್ಪನ ವಜಾ ಆದೇಶದ ಪ್ರತಿ ಸಿಕ್ಕಿದಾಗ ನನಗೂ ಒಂದು ಕಳಿಸಿ, ಮೇಲ್ಮನವಿಯಲ್ಲಿ ಯಾವ ಅಂಶ ಮೊದಲು ಬರಬೇಕು ಅಂತ ನೋಡಿ ತಿಳಿಸುತ್ತೇನೆ.